ದೊಡ್ಡಪ್ಪನ ಕಾರು ಬಾಯಿ ಮುಚ್ಚಿದ್ದು

ನಮ್ಮ ದೊಡ್ಡಪ್ಪ ಊರಿಗೆ ಒಂದೇ ಸಲಕ್ಕೆ ಬಂದವರಲ್ಲ. ಮೊದಲು ಸದ್ದು ಬರುತ್ತಿತ್ತು, ಆಮೇಲೆ ಹೊಗೆ, ಕೊನೆಗೆ ದೊಡ್ಡಪ್ಪ! ಅವರದು ಡೀಸೆಲ್ ಕಾರು. ಎಂಜಿನ್ನಿನಿಂದ ಹೊಗೆಯನ್ನು ಕೆಳಗಿಳಿಸುವ ಪೈಪು ಬಿರುಕು ಬಿಟ್ಟಿತ್ತು. ದೊಡ್ಡಪ್ಪ ಅದಕ್ಕೆ ಎಣ್ಣೆಡಬ್ಬಿಯ ತಗಡು ಸುತ್ತಿ, ಬೇಲಿಯ ತಂತಿ ಬಿಗಿದಿದ್ದರು. ಅರ್ಧ ಹೊಗೆ ಹಿಂದಕ್ಕೆ ಹೋದರೆ ಇನ್ನರ್ಧ ನಮ್ಮ ಜೊತೆ ಸೀಟಿನಲ್ಲೇ ಕೂರುತ್ತಿತ್ತು.

ಆ ಪೈಪು ಬದಲಾಗುವ ಹಿಂದಿನ ದಿನವೂ ಎಂದಿನಂತೆಯೇ ಇತ್ತು. ನಮ್ಮೂರು ಗುಡೇಮಾರನಹಳ್ಳಿಯ ಕೆರೆ ಏರಿಯ ಮೇಲೆ ಸದ್ದು ಕೇಳಿತು. ದೊಡ್ಡಮ್ಮ ಮುದ್ದೆಗೆ ಎಸರಿಟ್ಟರು. ದೊಡ್ಡಪ್ಪ ದಾರಿಯಲ್ಲಿ ನಾಲ್ಕು ಜನರ ಹತ್ತಿರ ಹರಟಿ, ಮನೆ ಸೇರಿ, ಕೈಕಾಲು ತೊಳೆಯುವಷ್ಟರಲ್ಲಿ ಮುದ್ದೆ ತಟ್ಟೆಗೆ ಬೀಳಬೇಕು. ಆರಿದ ಮುದ್ದೆಯನ್ನು ಅವರು ಮುಟ್ಟಿದ್ದುಂಟೇ?

"ಗ್ಯಾರೇಜಿಗೊಂದ್ಸಲ ತೋರ್ಸಿ. ಆ ಗಾಡೀಲಿ ಕೂತ್ರೆ ಕೆಮ್ಮು ಬತ್ತದೆ," ಎಂದರು ದೊಡ್ಡಮ್ಮ.

"ಹೈವೇ ಪಕ್ಕದ್ ಫ್ಯಾಕ್ಟ್ರಿಗಳು ಮುಗಿಲಿಗೇ ಹೊಗೆ ಬುಡ್ತಾವೆ. ಹೋಗಿ ಅವ್ಕೆ ಹೇಳು! ನಿನ್ ಕಣ್ಣಿಗೆ ನನ್ ಕಾರೇ ಬಿತ್ತಾ?"

ಮಾರನೆಯ ದಿನ ಹಿಂದಿನ ಸೀಟಿಗೆ ರೇಷ್ಮೆಗೂಡಿನ ಚೀಲ ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಟೆವು. ಹರಾಜಿಗೆ ಬಂದ ರೀಲರ್ ಒಬ್ಬ, ಗೂಡು ಬೇಯಿಸಿ ನೂಲು ತೆಗೆಯುವವನು, ಒಂದು ಹಿಡಿ ಎತ್ತಿ ಮೂಸಿದ.

"ಏನ್ ಗೌಡ್ರೇ, ಬೇಯಿಸ್ಕಂಡೇ ತಂದ್ಬುಟ್ರಾ? ಇನ್ನ್ ನಮ್ಗೇನ್ ಕೆಲ್ಸ ಬುಡಿ!"

ಇಡೀ ಸಾಲು ನಕ್ಕಿತು. ಹೆಂಡತಿಯ ಕೆಮ್ಮಿಗೆ ವರ್ಷವಾದರೂ ಕರಗದ ದೊಡ್ಡಪ್ಪ, ಗೂಡಿಗಾದ ಅವಮಾನವನ್ನು ಗಳಿಗೆಯೂ ತಡೆಯಲಿಲ್ಲ. ನೆಟ್ಟಗೆ ಗ್ಯಾರೇಜ್!

ಮೆಕ್ಯಾನಿಕ್ ಕಾರಿನಡಿ ನುಸುಳಿ ಹೊರಬಂದ. "ಪೈಪ್ ಹೋಗೈತೆ. ಮುಂದಿನ ಕ್ಯಾಟಲಿಟಿಕ್ ಕನ್ವರ್ಟರೂ ಕಟ್ಕಂಡೈತೆ. ಎರಡೂ ಹೊಸ್ದು ಹಾಕ್ಬೇಕು."

"ಆ ಡಬ್ಬ ಏನ್ ಮಾಡ್ತದ್ಲಾ?"

"ಹೊಗೆನ ಒಸಿ ಕ್ಲೀನ್ ಮಾಡ್ತದೆ ಗೌಡ್ರೇ."

"ಓಹೋ! ಈಗ ಹೊಗೆಗೂ ಸ್ನಾನ ಮಾಡಿಸ್ಬೇಕೇನ್ಲಾ?"

ತುಕ್ಕು ಹಿಡಿದ ಬೋಲ್ಟುಗಳು ಬಿಚ್ಚಿಕೊಳ್ಳುವಷ್ಟರಲ್ಲಿ ಸಂಜೆಯಾಯಿತು. ಹೊಸ ಪೈಪು, ಹೊಸ ಡಬ್ಬ, ನಡುವೆ ಸಂದು ಮುಚ್ಚುವ ಹೊಸ ಗ್ಯಾಸ್ಕೆಟ್ ಕೂತವು. ದೊಡ್ಡಪ್ಪ ಎಂಜಿನ್ ಶುರು ಮಾಡಿ, ತಮ್ಮ ಬಿಳಿ ಟವೆಲನ್ನೇ ಜಾಯಿಂಟುಗಳ ಹತ್ತಿರ ಹಿಡಿಸಿ ನೋಡಿದರು. ಟವೆಲಿನಲ್ಲಿ ಮಸಿಯಿಲ್ಲ, ಕಾರಿನಲ್ಲಿ ಸದ್ದಿಲ್ಲ. ಅವರ ಮುಖದಲ್ಲಿ ಸಂತೋಷವೂ ಇಲ್ಲ!

"ಗಾಡಿ ಸತ್ತೋದಂಗೈತಲ್ಲೋ," ಎಂದರು.

ಮನೆಗೆ ಬಂದರೆ ಒಲೆಯ ಮೇಲೆ ಏನೂ ಇಲ್ಲ. ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಗಿತ್ತು.

"ಮುದ್ದೆ ಎಲ್ಲೇ?"

"ಕತ್ಲಾದ್ರೂ ಸದ್ದೇ ಇಲ್ಲ. ಎಲ್ಲೋ ಏನೋ ಆಗೋಯ್ತು ಅನ್ಕಂಡೆ."

ಅಂದಿನಿಂದ ದೊಡ್ಡಪ್ಪ ಏರಿಯ ಮೇಲೆ ಕಾರು ನಿಲ್ಲಿಸಿ ಉದ್ದಕ್ಕೆ ಹಾರನ್ ಒತ್ತತೊಡಗಿದರು. ಮೇಯುತ್ತಿದ್ದ ಎಮ್ಮೆಗಳು ಬೆದರಿ ಕೆರೆಗೆ ಇಳಿದರೂ ಸರಿ, ಬೈಕಿನವರು ಬೈದರೂ ಸರಿ. ಹೊಗೆ ನಿಲ್ಲಿಸಿದ ಗಾಡಿ ಈಗ ಊರಿನ ನಿದ್ದೆ ಕೆಡಿಸುತ್ತಿತ್ತು!

ದೊಡ್ಡಪ್ಪ ತೀರಿಕೊಂಡ ಮೇಲೆ ಕಾರು ನಾನು ಓಡಿಸುತ್ತೇನೆ. ಏರಿಯ ಮೇಲೆ ಸುಮ್ಮನೆ ಬರುತ್ತೇನೆ. ಮೊನ್ನೆ ಅಡ್ಡ ಬಂದ ಎಮ್ಮೆಗೆಂದು ಹಾರನ್ ಒತ್ತಿಬಿಟ್ಟೆ, ಉದ್ದಕ್ಕೆ.

ಮನೆಗೆ ಬಂದಾಗ ಎಸರು ಕುದಿಯುತ್ತಿತ್ತು. ದೊಡ್ಡಮ್ಮ ನನಗೆ ಬಡಿಸಿದರು. ಮುದ್ದೆ ಬಿಸಿಯಾಗಿಯೇ ಇತ್ತು. ದೊಡ್ಡಪ್ಪ ಇರಲಿಲ್ಲ.