ಭುಜದ ಮೇಲಿನ ಕೈ

ಮಧುಗಿರಿಯಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿ ಇಟ್ಟವನು ನಗುವಿಗಾಗಿ ಎಲ್ಲಿಗೂ ಹೋಗಬೇಕಿಲ್ಲ, ಅದೇ ಮೆಟ್ಟಿಲು ಹತ್ತಿ ಬರುತ್ತದೆ. "ಫೋಟೋ ಕೆಳಗೆ ಹೆಸರು, ವಿವರ ಬರೆಸಿ" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಮುಖ ಇದ್ದಮೇಲೆ ಹೆಸರು ಯಾಕೆ ಅನ್ನುವುದು ನನ್ನ ವಾದ. ಯಾರೂ ಹೇಳದೆ ಹೆತ್ತಮ್ಮನನ್ನೇ ಗುರುತು ಹಿಡಿದವನು ನಾನು!

೧. ಹುಟ್ಟಿದ ವರ್ಷ

ಶಿರಾ ಕಡೆಯ ರೈತರೊಬ್ಬರು ತೀರಿಹೋದ ತಂದೆಯ ಪಟ ತಂದರು. ಕೆಳಗೆ ಜನನ, ಮರಣ ಎರಡೂ ಬೇಕಂತೆ.

"ಹುಟ್ಟಿದ್ದು ಯಾವಾಗ?"

"ಮದಲೂರು ಕೆರೆ ಕೋಡಿ ಬಿದ್ದ ವರ್ಷ."

"ಕೋಡಿ ಬಿದ್ದಿದ್ದು ಯಾವಾಗ?"

"ಅದೇ ಕಣಣ್ಣ, ನಮ್ಮಪ್ಪ ಹುಟ್ಟಿದ್ ವರ್ಷ!"

೨. ಬಾಣ

ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ರಾಯಚರ್ಲು ಕಡೆಯ ತಾತ ಒಬ್ಬರು ತಂದ ಫೋಟೋದಲ್ಲಿ ಕಣ್ಣು ಹಾಯುವವರೆಗೂ ಸೋಲಾರ್ ಪ್ಲೇಟುಗಳೇ. "ಇಲ್ಲೊಂದು ಬಾಣ ಹಾಕಿ 'ನಮ್ಮ ಕಡ್ಲೆಕಾಯಿ ಹೊಲ' ಅಂತ ಬರಿ ನಾಯನಾ, ಮೊಮ್ಮಕ್ಕಳಿಗೆ ತಿಳೀಲಿ" ಅಂದರು. ಒಂದು ಪ್ಲೇಟಿನ ಮೇಲೆ ಬೆರಳಿಟ್ಟು, ಅಲ್ಲಿದ್ದ ಹುಣಸೆಮರದ ನೆರಳನ್ನು ಎಷ್ಟು ವರ್ಣಿಸಿದರೆಂದರೆ, ನೋಡದ ಮರಕ್ಕಾಗಿ ನನಗೂ ಸಂಕಟವಾಯಿತು.

ವಾರದೊಳಗೆ ಅವರ ದಾಯಾದಿ ಅಂಗಡಿಗೆ ನುಗ್ಗಿದರು. "ಆ ಬಾಣ ನಮ್ ಹೊಲ್ದಾಗೆ ಬಿದ್ದೈತೆ! ಮೊದ್ಲು ಸರ್ವೇ ಮಾಡ್ಸು, ಆಮೇಲೆ ಬಾಣ ಹಾಕು!"

೩. ಹಿರಿಯರ ಹಬ್ಬ

ನಾನು ಕೈಗೂಸಾಗಿದ್ದಾಗಲೇ ಅಮ್ಮ ತೀರಿಕೊಂಡಳು. ಅವಳ ಮುಖ ಗೊತ್ತಿರಲಿಲ್ಲ. ಅಪ್ಪ ಹೋದಮೇಲೆ ಅವರ ಪೆಟ್ಟಿಗೆಯಲ್ಲಿ ಯಾರದೋ ಮದುವೆಯ ಗುಂಪು ಫೋಟೋ ಸಿಕ್ಕಿತು, ಹಿಂದೆ ಒಂದಕ್ಷರವಿಲ್ಲ. ಅದರಲ್ಲೊಬ್ಬ ಹೆಂಗಸಿಗೆ ಥೇಟ್ ನನ್ನ ಮೂಗು. ಇವಳೇ ಅಮ್ಮ ಅಂದುಕೊಂಡು ಅವಳಷ್ಟನ್ನೇ ಕತ್ತರಿಸಿ, ದೊಡ್ಡದು ಮಾಡಿ, ಗೋಡೆಗೆ ಹಾಕಿದೆ. ಉಳಿದ ತುಂಡು ಗೆದ್ದಲ ಪಾಲಾಯಿತು. ಅಂಗಡಿಗೆ ಹೊರಡುವ ಮುನ್ನ ದಿನಾ ಅವಳ ಹತ್ತಿರ ಮಾತಾಡುತ್ತಿದ್ದೆ. ಅಮ್ಮನಿಗೆ ಹೇಳುವುದು ಬಹಳ ಇತ್ತು.

ಈ ಸಲದ ಹಿರಿಯರ ಹಬ್ಬಕ್ಕೆ ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಹಳೇ ಮುನಿಸು ಬಿಟ್ಟು ಪಾವಗಡದಿಂದ ಮೊದಲ ಬಾರಿ ನಮ್ಮ ಮನೆಗೆ ಬಂದರು. ಪಟಕ್ಕೆ ಹೂವಿನ ಹಾರ ಹಾಕಿ, ಹೊಸ ಸೀರೆಯಿಟ್ಟು, ಎಡೆ ಬಡಿಸಿದ್ದೆ. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಪಟ ನೋಡಿದರು.

"ಲೇ, ಇದು ನಾನು ಕಣ್ಲಾ! ಬದುಕಿರೋಳಿಗೆ ಎಡೆ ಇಕ್ಕಿದ್ದೀಯಲ್ಲೋ!"

"ಹಂಗಾದ್ರೆ ಅಮ್ಮ ಎಲ್ಲಿ ಚಿಕ್ಕಮ್ಮ?"

ಅವರು ಪಟದ ಅಂಚು ಮುಟ್ಟಿದರು. ಪಟದಲ್ಲಿ ಅವರ ಭುಜದ ಮೇಲೆ ಪಕ್ಕದಿಂದ ಬಂದ ಒಂದು ಕೈ, ತುಂಬ ಬಳೆ. "ಇಗಾ, ನಿಮ್ಮವ್ವ. ನನ್ ಪಕ್ಕದಾಗೇ ನಿಂತಿದ್ಲು. ನೀನೇ ಕತ್ತರಿಸಿಬುಟ್ಟಿದ್ದೀಯ."

ಆ ಕೈಯ ಮೇಲೆ ನನ್ನ ಕೈಯಿಟ್ಟು ಅತ್ತುಬಿಟ್ಟೆ. ನಾಚಿಕೆಯಾಗಲಿಲ್ಲ.

ಹೆಂಡತಿ ಪೆನ್ನು ತಂದುಕೊಟ್ಟಳು. ಪಟದ ಕೆಳಗೆ ಬರೆದೆ: "ಭುಜದ ಮೇಲಿನ ಕೈ, ನನ್ನ ಅಮ್ಮ."

ಅಷ್ಟರಲ್ಲಿ ಚಿಕ್ಕಮ್ಮ ಹೊಸ ಸೀರೆಯನ್ನು ಕಂಕುಳಿಗೆ ಸೇರಿಸಿ, ಎಡೆಯ ಮುಂದೆ ಕೂತು ವಡೆ ಮುರಿಯುತ್ತಿದ್ದರು.

"ನಂದೂ ಬರಿ. 'ಇವಳು ಇನ್ನೂ ಬದುಕವ್ಳೆ' ಅಂತ. ಆದ್ರೆ ಎಡೆ ಮಾತ್ರ ನಿಲ್ಲಿಸ್ಬ್ಯಾಡ ಕಣ್ಲಾ, ಬರೋ ವರ್ಷ ನಾನೇ ಬಂದು ಉಣ್ತೀನಿ!"