ಐಸ್ ಕರಗುವವರೆಗೆ ಉತ್ತರವಿಲ್ಲ

ಭೌತಶಾಸ್ತ್ರ ಕಲಿಸುವ ರೀತಿಯನ್ನು ಸರಿಪಡಿಸಲು ಹೊರಟವನಿಗೆ ಪಾಠ ಸರಿಯಾಗುವ ಖಾತ್ರಿ ಇಲ್ಲ. ನಗುವುದಕ್ಕೆ ಮಾತ್ರ ಎಂದೂ ಬರಗಾಲವಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಹೈಸ್ಕೂಲು ವಿಜ್ಞಾನ ಶಿಕ್ಷಕರಿಗೆ ನಾನು ತರಬೇತಿ ಕೊಡುತ್ತೇನೆ. ಮಕ್ಕಳು ಹೇಗೆ ಕಲಿಯುತ್ತಾರೆ ಎಂಬ ಸಂಶೋಧನೆಗಳನ್ನು ಓದಿ ನಾನು ಹಿಡಿದುಕೊಂಡ ನಿಯಮ ಇಷ್ಟೇ: ಉತ್ತರ ಹೇಳಬೇಡಿ. ಪ್ರಶ್ನೆ ಕೇಳಿ, ಊಹಿಸಲು ಬಿಡಿ, ಮಕ್ಕಳು ವಾದ ಮಾಡಲಿ, ಆಮೇಲೆ ಪ್ರಯೋಗ.

ಈ ಸಲದ ಶಿಬಿರದಲ್ಲಿ ಇದನ್ನು ಮನಸ್ಸಿಟ್ಟು ಕೇಳಿದವರು ಶಿರೂರು ಕಡೆಯ ಖಾಸಗಿ ಶಾಲೆಯ ಕಿರಿಯ ಟೀಚರ್ ಒಬ್ಬರು. ಅವರದ್ದು ತಾತ್ಕಾಲಿಕ ಕೆಲಸ. ಆಡಳಿತ ಮಂಡಳಿಯ ಎದುರು ಪಾಠ ಮಾಡಿ ತೋರಿಸಬೇಕು. ಮೆಚ್ಚಿದರೆ ಖಾಯಂ, ಇಲ್ಲವಾದರೆ ಮನೆ.

"ಸರ್, ನೀವ್ ಹೇಳಿದಂಗೇ ಮಾಡ್ತೆ. ಕೆಲ್ಸ ಹೋತಿಲ್ಲ ಅಲ್ದಾ?"

"ಸರಿಯಾದ ಕ್ರಮ ಯಾರ ಕೆಲಸವನ್ನೂ ಕಳೆಯುವುದಿಲ್ಲ" ಎಂದೆ. ನನ್ನ ಕೆಲಸ ಖಾಯಂ ಆಗಿತ್ತು.

ಬಾಯಿಪಾಠದ ಊಹೆ

ಶಿಬಿರದ ಫಲ ನೋಡಲು ಮೊದಲು ತಲ್ಲೂರಿಗೆ ಹೋದೆ. ಅಲ್ಲಿನ ಹಿರಿಯ ಮಾಸ್ತರರು ಹೆಮ್ಮೆಯಿಂದ ತರಗತಿಗೆ ಕರೆದೊಯ್ದು, "ಮಕ್ಕಳೇ, ದೊಡ್ಡ ಕಲ್ಲು, ಸಣ್ಣ ಕಲ್ಲು ಒಟ್ಟಿಗೆ ಬಿಟ್ಟರೆ ಯಾವುದು ಮೊದಲು ಬೀಳುತ್ತದೆ? ಊಹಿಸಿ" ಎಂದರು.

ಇಡೀ ತರಗತಿ ಒಂದೇ ರಾಗದಲ್ಲಿ, "ನಮ್ಮ ಊಹೆಯ ಪ್ರಕಾರ, ಎರಡೂ ಏಕಕಾಲದಲ್ಲಿ ನೆಲವನ್ನು ತಲುಪುತ್ತವೆ" ಎಂದಿತು.

ಹೊರಗೆ ಬಂದು ಮಾಸ್ತರರನ್ನು ವಿಚಾರಿಸಿದೆ. "ಊಹೆ ತಪ್ಪಿರೆ ಮಕ್ಳಿಗ್ ಬೇಜಾರ್ ಆತಿಲ್ಯಾ ಸಾರ್? ಅದ್ಕೇ ಊಹೆದ್ ನೋಟ್ಸ್ ನಿನ್ನೆಯೇ ಬರ್ಸಿದೆ" ಎಂದರು.

ಮೌನದ ಪರಿಣಾಮ

ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸ್ವಲ್ಪ ಹೊತ್ತು ಸುಮ್ಮನಿರಬೇಕು, ಮಕ್ಕಳಿಗೆ ಯೋಚಿಸಲು ಸಮಯ ಬೇಕು ಎಂದೂ ಕಲಿಸಿದ್ದೆ. ಕೊಕ್ಕರ್ಣೆಯ ಮಾಸ್ತರರು ಜನ್ಮದಲ್ಲಿ ಪಾಠದ ನಡುವೆ ಬಾಯಿ ಮುಚ್ಚಿದವರಲ್ಲ. ಶಿಬಿರ ಮುಗಿಸಿ ಹೋದವರು ಒಂದು ದಿನ ಪ್ರಶ್ನೆ ಕೇಳಿದವರೇ ಮೇಜಿಗೆ ಕೈಯೂರಿ ಸುಮ್ಮನೆ ನಿಂತರು.

ಮುಂದಿನ ಬೆಂಚಿನವಳು ನೀರು ತಂದಳು. ಮತ್ತೊಬ್ಬಳು ಪುಸ್ತಕದಿಂದ ಗಾಳಿ ಬೀಸಿದಳು. ಮಾಸ್ತರರು ಪಟ್ಟು ಬಿಡಲಿಲ್ಲ. ಹೆಡ್‌ಮಾಸ್ಟರರು ಓಡಿ ಬಂದರು, ಹಿಂದೆಯೇ ರಿಕ್ಷಾ.

ಸಂಜೆ ನನಗೆ ಫೋನ್: "ಸಾರ್, ಸುಮ್ನಿದ್ದದ್ದಕ್ಕೆ ಆಸ್ಪತ್ರೆಗ್ ಹೊತ್ಕಂಡ್ ಹೋರು. ಡಾಕ್ಟ್ರಿಗೆ ಪೂರ್ತಿ ಪಾಠ ಮಾಡಿದ್ ಮೇಲೇ ಬಿಟ್ಟದ್."

ಕೈ ಎತ್ತಿದ ಮೇಲೆ

ಕಡೆಗೆ ಶಿರೂರಿನ ಟೀಚರರ ಪರೀಕ್ಷೆಯ ದಿನ ಬಂತು. ಹಿಂದಿನ ಬೆಂಚುಗಳಲ್ಲಿ ಆಡಳಿತ ಮಂಡಳಿ, ನಡುವೆ ಅಧ್ಯಕ್ಷರು, ಮೂಲೆಯಲ್ಲಿ ನಾನು. ಮೀನಿನ ವ್ಯಾಪಾರಕ್ಕೆ ಐಸ್ ಒದಗಿಸುವ ಐಸ್ ಪ್ಲಾಂಟ್ ಅಧ್ಯಕ್ಷರದ್ದು.

ಟೀಚರ್ ಗಾಜಿನ ಲೋಟದಲ್ಲಿ ಐಸ್ ತೇಲಿಬಿಟ್ಟು, ಅಂಚಿನವರೆಗೆ ನೀರು ತುಂಬಿಸಿದರು. "ಐಸ್ ಕರಗಿದರೆ ನೀರು ಚೆಲ್ಲುತ್ತದೆಯೋ? ಹೌದೆನ್ನುವವರು ಕೈ ಎತ್ತಿ."

ಹೆಚ್ಚಿನ ಮಕ್ಕಳು ಎತ್ತಿದರು. ಅಧ್ಯಕ್ಷರೂ ಎತ್ತಿದರು. ಅವರು ಎತ್ತಿದ್ದು ಕಂಡು ಇಡೀ ಮಂಡಳಿ ಎತ್ತಿತು.

"ಬಹುಮತ ಬಂತಲ್ದಾ? ಪಾಸ್. ಮುಂದಿನ ವಿಷ್ಯ ತಕಣಿ" ಎಂದರು ಅಧ್ಯಕ್ಷರು.

"ಪ್ರಯೋಗ ಮಾಡಿ ನೋಡಬೇಕು ಸರ್" ಎಂದರು ಟೀಚರ್.

"ಕೈ ಎತ್ತಿದ್ ಮೇಲೆ ಮತ್ತೆಂತ ಕಾಂಬುದ್?"

ಎಲ್ಲರೂ ಲೋಟ ನೋಡುತ್ತ ಕುಳಿತರು. ಸ್ವಲ್ಪ ಹೊತ್ತಿಗೆ ಗಾಜಿನ ಹೊರಮೈಯಲ್ಲಿ ಹನಿ ಮೂಡಿ ಮೇಜು ಒದ್ದೆಯಾಯಿತು. ಅಧ್ಯಕ್ಷರು ಎದ್ದೇಬಿಟ್ಟರು. "ಹ್ವಾಯ್ ಕಾಣಿ, ಚೆಲ್ಲಿತ್! ನಾನ್ ದಿನಾ ಕಾಂತಿಲ್ಯಾ?"

"ಮೇಲಿಂದ ಚೆಲ್ಲಿದ್ದಾ, ಬೇರೆಲ್ಲಿಂದಾದರೂ ಬಂದದ್ದಾ? ಹೇಗೆ ತಿಳಿಯುವುದು?" ಎಂದು ಟೀಚರ್ ಮಕ್ಕಳನ್ನೇ ಕೇಳಿದರು. ಗದ್ದಲವೋ ಗದ್ದಲ. ಒಬ್ಬಳು, "ನೀರಿಗೆ ಶಾಯಿ ಹಾಕುವ, ಟೀಚರ್" ಎಂದಳು. ಶಾಯಿ ಬೆರೆಸಿದ ನೀರಿನಲ್ಲಿ ಮತ್ತೆ ಅದೇ ಪ್ರಯೋಗ ನಡೆಯಿತು. ಐಸ್ ಪೂರ್ತಿ ಕರಗಿದರೂ ಒಂದು ಹನಿ ಶಾಯಿನೀರೂ ಚೆಲ್ಲಲಿಲ್ಲ. ಹೊರಗಿನ ಹನಿಗಳು ತಿಳಿಯಾಗಿಯೇ ಇದ್ದವು. ಅದು ಗಾಳಿಯ ತೇವ ಎಂದು ಮಕ್ಕಳೇ ತೀರ್ಮಾನಿಸಿದರು. ಟೀಚರ್ ಕೊನೆಯವರೆಗೂ ಉತ್ತರ ಹೇಳಲಿಲ್ಲ. ನನಗೆ ಎದೆ ಉಬ್ಬಿತು.

ಮಂಡಳಿ ಪಕ್ಕದ ಕೋಣೆಗೆ ಹೋಯಿತು. ಟೀಚರ್ ಸೆರಗಿನ ತುದಿ ಹಿಂಡುತ್ತ ನಿಂತಿದ್ದರು. ಅಧ್ಯಕ್ಷರು ಹೊರಬಂದು ತೀರ್ಮಾನ ಹೇಳಿದರು.

"ಟೀಚರಿಗೆ ಉತ್ತರ ಗೊತ್ತಿಲ್ಲ, ಅದ್ ಎಲ್ರಿಗೂ ಕಂಡಿತ್. ಆದ್ರೆ ಮುಚ್ಚಿಡ್ಲಿಲ್ಲ. ನಾಚ್ಕಿ ಬಿಟ್ಟ್ ಮಕ್ಳ ಹತ್ರ ಕೇಂಡ್ ಕಲ್ತ್ಕಂಡ್ರ್. ಇಂಥ ವಿನಯ ಈಗ ಯಾರಿಗಿತ್ತ್? ಖಾಯಂ ಮಾಡುವ."

ಟೀಚರ್ ಕೈಮುಗಿದರು. ತಪ್ಪು ಕಾರಣಕ್ಕೆ ಸರಿಯಾದ ತೀರ್ಮಾನ ನನಗೆ ಒಪ್ಪಿಗೆಯಾಗುವಂಥದ್ದಲ್ಲ. ಸಂಗತಿ ವಿವರಿಸಲು ಎದ್ದು ನಿಂತೆ. ಅಧ್ಯಕ್ಷರು ನನ್ನನ್ನು ಮೆಲ್ಲನೆ ಪಕ್ಕಕ್ಕೆ ಕರೆದು, ಯಾರಿಗೂ ಕೇಳದಂತೆ ಹೇಳಿದರು:

"ಸಾರ್, ಇವ್ರಿಗ್ ಕಲ್ಸಿದ್ ನೀವಲ್ದಾ? ನಿಮ್ಗಾದ್ರೂ ಉತ್ತರ ಗೊತ್ತಿತ್ತಾ?"