ಅಂಗಳದಷ್ಟು ನುಣುಪಾದ ಪಿಚ್ ಕುರಿತು ಒಂದು ಅಹವಾಲು

ಶಿವಮೊಗ್ಗ–ಭದ್ರಾವತಿ ವಾರ್ಷಿಕ ಏಕದಿನ ಪಂದ್ಯಕ್ಕೆ ಈ ಸಲ ಪಿಚ್ ಸಿದ್ಧಪಡಿಸಿಕೊಟ್ಟ ಮಾನ್ಯ ಷಣ್ಮುಖಪ್ಪನವರ ಸನ್ನಿಧಿಗೆ,

ಮಾನ್ಯರೇ,

ತಮಗೂ ತಮ್ಮ ರೋಲರಿಗೂ ನಮಸ್ಕಾರಗಳು. ತಮ್ಮ ಕೈಚಳಕದ ಕಥೆಯನ್ನು ಮೊದಲು ಹೇಳಿದವರು ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನ ಟೀ ಅಂಗಡಿಯ ಜಯಶೀಲಕ್ಕ. ಹೇಳಿದ್ದು ಪಂದ್ಯದ ಮಾರನೆಯ ದಿನ, ಸೋಮವಾರ ಬೆಳಿಗ್ಗೆ, ಟೀ ಕುಡಿಯಲು ಬಂದಿದ್ದ ಹತ್ತು ಹನ್ನೆರಡು ಮಂದಿಯ ಎದುರು. “ಅವ್ರು ಪಿಚ್ ಎಲ್ ಮಾಡಿದ್ರು ಮಾರಾಯ್ರೆ? ಅಡಿಕೆ ಒಣಗ್ಸೋ ಅಂಗಳ ಮಾಡಿದ್ರು! ಎರಡೆರಡು ಸಲ ಸಗಣಿ ಸಾರ್ಸಿದ್ದನ್ನ ನಾನೇ ನೋಡಿದೀನಿ.” ಮೂವತ್ತು ವರ್ಷಗಳಿಂದ ಸುತ್ತಲ ಊರುಗಳಿಗೆಲ್ಲ ಮಾದರಿಯಾದ ಅಂಗಳ ಮಾಡಿಸುತ್ತ ಬಂದ ತಾವು, ಇಪ್ಪತ್ತೆರಡು ಗಜದ ಬರಿಯ ನೆಲವನ್ನು ಕಂಡರೆ ಸುಮ್ಮನಿರುವುದಾದರೂ ಹೇಗೆ?

ಫಲವನ್ನು ತಾವೇ ಕಂಡಿರಿ. ನಮ್ಮ ಭದ್ರಾವತಿಯವರು ಐವತ್ತು ಓವರಿನಲ್ಲಿ ವಿಕೆಟ್ ನಷ್ಟವಿಲ್ಲದೆ ಮುನ್ನೂರ ತೊಂಬತ್ತು ಹೊಡೆದರು. ಶಿವಮೊಗ್ಗದವರು ಅದನ್ನು ಆಕಳಿಸುತ್ತ ನಲವತ್ತೆರಡನೇ ಓವರಿನಲ್ಲಿ ದಾಟಿದರು. ದಿನವಿಡೀ ಬಿದ್ದದ್ದು ಒಂದೇ ವಿಕೆಟ್. ಅದೂ ಶಿವಮೊಗ್ಗದ ಅಭಯ ಎಂಬ ಬ್ಯಾಟ್ಸ್‌ಮನ್, ಬಾಲು ಇನ್ನೂ ಆಟದಲ್ಲಿರುವಾಗಲೇ, ನೀರು ಕುಡಿಯಲು ಕ್ರೀಸ್ ಬಿಟ್ಟು ಹೊರಟದ್ದರಿಂದ. ಮೊದಲ ಇಪ್ಪತ್ತು ಬೌಂಡರಿಗೆ ಕುಣಿದ ಜನ, ಅರುವತ್ತನೆಯದಕ್ಕೆ ಮೊಬೈಲ್ ತೆಗೆದರು, ನೂರನೆಯದಕ್ಕೆ ಸಿಟಿ ಬಸ್ ಹತ್ತಿದರು. ಎಲೆಯ ತುಂಬ ಹೋಳಿಗೆಯನ್ನೇ ಬಡಿಸಿ, ಉಪ್ಪಿನಕಾಯಿ ಕೇಳಿದವರಿಗೂ ಹೋಳಿಗೆಯನ್ನೇ ಇಟ್ಟ ತಮ್ಮ ಔದಾರ್ಯವನ್ನು ಏನೆಂದು ಹೊಗಳಲಿ!

ಆದರೆ ಪಂದ್ಯದ ಸಮಿತಿಯ ಅಧ್ಯಕ್ಷರಾದ ಉಮಾಮಹೇಶ್ವರರು ಟಾಸಿಗೆ ಮೊದಲೇ ಮೈಕಿನಲ್ಲಿ ಸಾರಿದ್ದರು: ಕೊನೆಯ ಹತ್ತು ಓವರಿನ ತನಕ ಜನ ಕೂರದಿದ್ದರೆ, ಮುಂದಿನ ವರ್ಷದಿಂದ ಇದು ಇಪ್ಪತ್ತೇ ಓವರಿನ ಪಂದ್ಯ. ಅದನ್ನು ಕೇಳಿ ಮುಖ ಸಣ್ಣದು ಮಾಡಿಕೊಂಡವರು ನಮ್ಮ ಲೆಗ್ ಸ್ಪಿನ್ನರ್ ವಿಶ್ವಾರಾಧ್ಯರು. ನಲವತ್ತೊಂದು ದಾಟಿದ ಅವರನ್ನು ಇಪ್ಪತ್ತು ಓವರಿಗೆ ಯಾರೂ ಕರೆಯುವುದಿಲ್ಲ. ಐವತ್ತು ಓವರ್ ಉಳಿದರೆ ಅವರೂ ಉಳಿದರು. ತಮ್ಮ ಪಿಚ್ಚಿನ ಮೇಲೆ ಅವರ ಬಾಲು ಒಂದು ಕೂದಲೆಳೆಯಷ್ಟೂ ತಿರುಗಲಿಲ್ಲ. ಎಂಟನೇ ಓವರ್ ಮುಗಿಸಿ ಅಂಪೈರಿಗೆ ಹೇಳಿದರು, “ಇಷ್ಟು ಚೊಕ್ಕ ಜಾಗ ನಮ್ಮನೇಲೂ ಇಲ್ಲ ಸಾರ್. ಒಂದು ಎಲೆ ಹಾಕ್ಸಿ, ಊಟಕ್ಕೆ ಕೂರ್ತೀನಿ.”

ಆದ್ದರಿಂದ ಮುಂದಿನ ವರ್ಷದ ಪಿಚ್ಚಿಗಾಗಿ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ಮುಂಜಾನೆ ವೇಗಿಗಳಿಗಾಗಿ ಒಂದು ಚಮಚ ತೇವ, ಮಧ್ಯಾಹ್ನ ಬ್ಯಾಟು ಹಿಡಿದವರಿಗೆ ನ್ಯಾಯವಾದಷ್ಟು ರನ್ನು, ಸಂಜೆ ಬಾಲು ತಿರುಗುವಂತೆ ವಿಶ್ವಾರಾಧ್ಯರ ಹೆಸರಿನಲ್ಲಿ ಒಂದೇ ಒಂದು ಬಿರುಕು ದಯಪಾಲಿಸಬೇಕು. ಬಿರುಕು ಬಿಡಲು ತಮ್ಮ ಮನಸ್ಸು ಒಪ್ಪದಿದ್ದರೆ ಬೇರೆ ಊರಿನಿಂದ ತರಿಸಿ, ಸಂಜೆ ಜೋಪಾನವಾಗಿ ಹಿಂದಿರುಗಿಸುತ್ತೇವೆ. ಗೆಲ್ಲುವವರು ಯಾರೆಂದು ಕೊನೆಯ ಓವರಿನ ತನಕ ತಮಗೂ ತಿಳಿಯದಂತೆ ನೆಲವನ್ನು ಸ್ವಲ್ಪ ಕೆಡಿಸಿಕೊಡಿ ಎಂಬುದಷ್ಟೇ ನಮ್ಮ ಪ್ರಾರ್ಥನೆ. ಐವತ್ತೋ ಇಪ್ಪತ್ತೋ ಎಂಬ ಸಮಿತಿಯ ತೀರ್ಮಾನ ಬರುವ ಭಾನುವಾರ.

ತಮ್ಮ ವಿಶ್ವಾಸಿ,
ಸುಘೋಷ
ಹಳೇನಗರ, ಭದ್ರಾವತಿ

ತಾ.ಕ.: ಜಯಶೀಲಕ್ಕನ ಕಥೆ ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರೆಂದು ತಮಗೆ ಗೊತ್ತಿರಲಿಕ್ಕಿಲ್ಲ. ಐವತ್ತು ಓವರ್ ಉಳಿಸಿ ಎಂಬ ಮನವಿಗೆ ಸಹಿ ಹಾಕುತ್ತಾರೆಂದು ನಾನು ಪೆನ್ನು ಹಿಡಿದು ಕಾದೆ. ಅವರು ಮನೆಯವರೊಂದಿಗೆ ಮೈದಾನಕ್ಕೆ ಹೋಗಿ, ತಮ್ಮ ಪಿಚ್ಚಿನ ಮೇಲೆ ಈ ಕ್ರೀಸಿನಿಂದ ಆ ಕ್ರೀಸಿನವರೆಗೆ ಸಂಡಿಗೆ ಇಟ್ಟರು. ಕಾಗೆ ಕಾಯಲು ವಿಶ್ವಾರಾಧ್ಯರನ್ನೇ ಕರೆಸಿದರು. ಬೆಳಿಗ್ಗೆ ಒಂಬತ್ತರಿಂದ ಹೊತ್ತು ಮುಳುಗುವವರೆಗೆ ಒಬ್ಬರೂ ಎದ್ದು ಹೋಗಲಿಲ್ಲವೆಂದು ಅಧ್ಯಕ್ಷರಿಗೆ ವರದಿ ಕಳಿಸಿದ್ದೇನೆ.